ಬಂಧಿತನ ಸಹಿ ಇಲ್ಲದೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದೇ?

ಹಾಕಬಹುದು. ಕೂಡಿಹಾಕಿದವನನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿಯಿದು. ತಮ್ಮನನ್ನು ಪೊಲೀಸರು ಕರೆದೊಯ್ದು ಮೂರು ದಿನವಾಯಿತು, ಠಾಣೆಯಲ್ಲಿ ವಿಚಾರಿಸಿದರೆ ಇಲ್ಲಿಗೆ ಬಂದೇ ಇಲ್ಲ ಎನ್ನುತ್ತಾರೆ, ಅವನ ಸಹಿ ತರುವುದೆಲ್ಲಿಂದ ಎಂದು ಕೇಳಿದ್ದೀರಿ. ತರಬೇಕಾಗಿಲ್ಲ. ಕೂಡಿಹಾಕಿದವನ ಪರವಾಗಿ ಅಕ್ಕ, ಹೆಂಡತಿ, ಗೆಳೆಯ ಯಾರಾದರೂ ಈ ಅರ್ಜಿ ಸಲ್ಲಿಸಬಹುದು. ವಕಾಲತ್ತಿಗೆ ನಿಮ್ಮ ಸಹಿ ಸಾಕು.

ನಾನು ವಕೀಲ. ಇಂಥ ಅರ್ಜಿಗಳನ್ನು ಹೆಚ್ಚಾಗಿ ಕೆಡಿಸುವುದು ತಡ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಅರ್ಜಿಯ ಸುಳಿವು ಸಿಕ್ಕೊಡನೆ 'ಇಂದು ಬೆಳಿಗ್ಗೆಯಷ್ಟೇ ಬಂಧಿಸಿದೆವು' ಎಂಬ ದಾಖಲೆ ಹುಟ್ಟಿಕೊಳ್ಳುವುದುಂಟು! ಬಂಧನದಲ್ಲಿಡಲು ಮ್ಯಾಜಿಸ್ಟ್ರೇಟರ ಒಪ್ಪಿಗೆ, ಅಂದರೆ ರಿಮಾಂಡ್ ಆದೇಶವಾದ ಮೇಲೆ ಈ ಅರ್ಜಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಜಾಮೀನಿನ ದಾರಿಯೇ ಗತಿ. ಆದ್ದರಿಂದ ಇವತ್ತೇ ಎಸ್‌ಪಿಯವರಿಗೆ ಇಮೇಲ್ ಕಳಿಸಿ: ಕರೆದೊಯ್ದ ದಿನ, ಗಂಟೆ, ಜೀಪಿನ ನಂಬರ್, ಕಂಡವರು ಯಾರು. ಎದುರಿನ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಪಡೆದಿಟ್ಟುಕೊಳ್ಳಿ. ನಾಳೆಯೇ 226ನೇ ವಿಧಿಯಡಿ ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಹೈಕೋರ್ಟ್ ಪೀಠಕ್ಕೆ ಹೋಗಿ: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ವಕೀಲರ ಶುಲ್ಕದ ಚಿಂತೆ ಬೇಡ. ಮಹಿಳೆಯಾದ ನಿಮಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ.

ಸರ್ಕಾರ ಈ ಹಕ್ಕನ್ನೇ ಕಿತ್ತುಕೊಂಡರೆ ಎಂದೂ ಕೇಳಿದ್ದೀರಿ. ಒಮ್ಮೆ ಹಾಗಾಗಿತ್ತು. 1975ರ ಜೂನ್ 26ರಂದು ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾದದ್ದು ನಮ್ಮ ಬೆಂಗಳೂರಿನಲ್ಲೇ. ತುರ್ತು ಪರಿಸ್ಥಿತಿಯಲ್ಲೂ ಇಂಥ ಅರ್ಜಿ ಕೇಳುತ್ತೇವೆ ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅದನ್ನೆಲ್ಲ ತಳ್ಳಿಹಾಕಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯನ್ನು ಮುಟ್ಟದಂತೆ 1978ರ 44ನೇ ತಿದ್ದುಪಡಿ ಬೇಲಿ ಹಾಕಿತು. 2017ರಲ್ಲಿ, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ, ಆ ಹಳೆಯ ತೀರ್ಪೇ ರದ್ದಾಯಿತು.

ತಮ್ಮನ ಮೇಲೆ ಗೂಂಡಾ ಕಾಯ್ದೆಯ, ಅಂದರೆ ಮುನ್ನೆಚ್ಚರಿಕೆಯಾಗಿ ಹಿಡಿದಿಡುವ ಬಂಧನ ಆದೇಶವೇನಾದರೂ ಇದ್ದರೆ ಅರ್ಜಿ ಇದೇ, ವಾದ ಮಾತ್ರ ಬೇರೆ. ಆದೇಶದ ಪ್ರತಿ ಸಿಕ್ಕರೆ ಅದರ ದಿನಾಂಕ ತಿಳಿಸಿ.