ವ್ಯಾನಿನಲ್ಲಿ ಹೋಗಿ, ಆದರೆ ಒಂದೇ ದ್ವೀಪ ಸಾಕು

ಚಿಕ್ಕಮಗಳೂರಿನಿಂದ ನೀವು ಬರೆದ ಪತ್ರವನ್ನು ಸಕಲೇಶಪುರದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಎರಡು ಸಲ ಓದಿದೆ. ರಜೆ ಮುಗಿಯುತ್ತಾ ಬಂದಿದೆ, ಮತ್ತೆ ವಿಮಾನ ಹತ್ತುವ ಮೊದಲು ಉತ್ತರಿಸಿಬಿಡುತ್ತೇನೆ. ಅಕ್ಟೋಬರಿನಲ್ಲಿ ಕೆಲಸಕ್ಕೆಂದು ಕ್ರೈಸ್ಟ್‌ಚರ್ಚ್‌ಗೆ ಹೋಗುತ್ತೀರಿ, ಡಿಸೆಂಬರಿನಲ್ಲಿ ತಾಯಿಯವರೂ ಬರುತ್ತಾರೆ. ಆಗ ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಹದಿನೈದು ದಿನಗಳಲ್ಲಿ ನ್ಯೂಜಿಲೆಂಡಿನ ಎರಡೂ ದ್ವೀಪ ಸುತ್ತಬಹುದೇ, ಹೋಟೆಲಿನ ಖರ್ಚು ಉಳಿಯುತ್ತದೆಯೇ ಎಂದು ಕೇಳಿದ್ದೀರಿ.

ಖಂಡಿತ ಹೋಗಿ. ಆದರೆ ದಕ್ಷಿಣ ದ್ವೀಪವೊಂದೇ ಸಾಕು. ಖರ್ಚು ಉಳಿಯುವ ಆಸೆಯನ್ನಂತೂ ಇಟ್ಟುಕೊಳ್ಳಬೇಡಿ. ಡಿಸೆಂಬರ್, ಜನವರಿ ಅಲ್ಲಿಯ ಬೇಸಿಗೆ ರಜೆ, ಬಾಡಿಗೆ ಏರಿರುತ್ತದೆ. ಡೀಸೆಲ್ ಗಾಡಿಯಾದರೆ ಓಡಿದ ದೂರಕ್ಕೆ ರಸ್ತೆ ಶುಲ್ಕ ಬೇರೆ. ಎರಡೂ ದ್ವೀಪ ಎಂದರೆ ದಕ್ಷಿಣದ ಪಿಕ್ಟನ್‌ನಿಂದ ಉತ್ತರದ ವೆಲಿಂಗ್ಟನ್‌ಗೆ ಗಾಡಿಯನ್ನು ಹಡಗಿಗೇರಿಸಿ ದಾಟಲು ಸುಮಾರು ಮೂರೂವರೆ ಗಂಟೆ ಬೇಕು, ಹತ್ತಿ ಇಳಿಯುವುದರಲ್ಲಿ ಒಂದು ದಿನವೇ ಹೋಗುತ್ತದೆ. ವಿಮೆಯ ಕಾಗದವನ್ನು ಸಾಲು ಬಿಡದೆ ಓದಿ. ಅಮ್ಮ, ಮಕ್ಕಳೊಡನೆ ನಾವೂ ಹೀಗೆಯೇ ಅಲ್ಲಿ ಸುತ್ತಿದಾಗ ನಮ್ಮ ವ್ಯಾನಿನ ಮುಂದಿನ ಗಾಜಿಗೆ ಜಲ್ಲಿ ಸಿಡಿದು ಹೆಸರುಕಾಳಿನಷ್ಟು ಗುರುತಾಗಿತ್ತು. ಗಾಜಿಗೆ ವಿಮೆ ಅನ್ವಯಿಸುವುದಿಲ್ಲ ಎಂದು ಬಾಡಿಗೆ ಕೊಟ್ಟವರು ಠೇವಣಿಯಿಂದ ಹಣ ಮುರಿದುಕೊಂಡರು. ಗಾಡಿ ಕೊಡುವಾಗ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಇಂದಿಗೂ ನನಗೆ ಅದು ಅನ್ಯಾಯವೆಂದೇ ಅನಿಸುತ್ತದೆ.

ರಸ್ತೆಯಲ್ಲಿ ನಮ್ಮಂತೆಯೇ ಎಡಗಡೆ ಓಡಿಸಬೇಕು. ದಕ್ಷಿಣ ದ್ವೀಪದ ಘಟ್ಟದ ದಾರಿ ಆರ್ಥರ್ಸ್ ಪಾಸ್‌ನ ಎತ್ತರ 920 ಮೀಟರ್, ಮುಳ್ಳಯ್ಯನಗಿರಿಯ ಅರ್ಧವೂ ಇಲ್ಲ. ಚಾರ್ಮಾಡಿ ಘಾಟಿ ಇಳಿದ ಕೈಗೆ ಇದೇನು ಮಹಾ ಎಂದು ನಾನೂ ಎಣಿಸಿದ್ದೆ. ಆದರೆ ಕಾರು ತಿರುಗಿಸುವುದು ಬೇರೆ, ಒಂದು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗಿಸುವುದು ಬೇರೆ. ಮೊದಲ ತಿರುವಿನಲ್ಲೇ ಕಪಾಟು ತೆರೆದುಕೊಂಡು ಅಕ್ಕಿಹಿಟ್ಟಿನ ಡಬ್ಬಿ ಉರುಳಿತು. ಹಿಂದೆ ಕುಳಿತಿದ್ದ ಮಗಳು ವಾಂತಿ ಮಾಡಿಕೊಂಡಳು. ಒಂದೇ ಗಾಡಿಯಷ್ಟು ಅಗಲದ ಸೇತುವೆಗಳು ಅಲ್ಲಿ ಬಹಳ. ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಕೆಂಪಗೆ, ಚಿಕ್ಕದಾಗಿದ್ದರೆ ಎದುರಿನವರು ದಾಟುವವರೆಗೂ ನಿಲ್ಲಬೇಕು. ದಿನಕ್ಕೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸದಿದ್ದರೆ ಎಲ್ಲರೂ ನಗುನಗುತ್ತಾ ಇಳಿಯುತ್ತಾರೆ.

ಪಶ್ಚಿಮ ಕರಾವಳಿಯಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ಮಲೆನಾಡಿನವರಿಗೆ ಮಳೆ ಹೊಸತಲ್ಲ, ಆದರೆ ಇಲ್ಲಿ ಬಟ್ಟೆ ಒಣಗಿಸಲು ಅಟ್ಟವಿದೆ, ಒಲೆಯಿದೆ. ಅಲ್ಲಿ ನಾಲ್ವರ ಉಸಿರಿಗೆ ಗಾಜೆಲ್ಲ ಬೆವರಿ, ಹಾಸಿಗೆಯ ಅಂಚು ತೊಯ್ದಿತ್ತು. ಗಾಳಿಗೆಂದು ಬಾಗಿಲು ಸರಿಸಿದರೆ ಸ್ಯಾಂಡ್‌ಫ್ಲೈ ಎಂಬ ಸಣ್ಣ ಕಪ್ಪು ನೊಣಗಳು ನುಗ್ಗುತ್ತವೆ. ನಮ್ಮ ಉಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಇದು ಕಚ್ಚಿದರೆ ಮೂರು ರಾತ್ರಿ ಕೆರೆದುಕೊಳ್ಳಬೇಕು.

ಅಮ್ಮನಿಗೆ ಇದ್ಯಾವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಒಲೆಯಿಂದ ಎರಡು ಮಾರು ದೂರದಲ್ಲಿದ್ದ ಶೌಚಾಲಯ. 2023ರ ಕಾನೂನಿನಂತೆ, ನೀರು, ಶೌಚಾಲಯ, ಕೊಳೆನೀರಿನ ತೊಟ್ಟಿ ಎಲ್ಲ ಒಳಗೇ ಇರುವ ಸ್ವಯಂಪೂರ್ಣ ವಾಹನವೆಂಬ ಪ್ರಮಾಣಪತ್ರ ಬೇಕಿದ್ದರೆ ಶೌಚಾಲಯ ವ್ಯಾನಿನಲ್ಲೇ ಸ್ಥಿರವಾಗಿ ಕೂರಿಸಿರಬೇಕು. ಅದರ ಪೆಟ್ಟಿಗೆಯನ್ನು ಹೊರಗೆಳೆದು ನಿಗದಿತ ಜಾಗದಲ್ಲಿ ನಾವೇ ಖಾಲಿ ಮಾಡಿ ತೊಳೆಯಬೇಕು. ಅಮ್ಮ ಮೊದಲ ದಿನ ಊಟವನ್ನೇ ಮಾಡಲಿಲ್ಲ. ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಮನೆಯ ಬಾಳೆಗಿಡಕ್ಕೆ ಸುರಿಯುವಂತೆ ಹೊರಗಿನ ಹುಲ್ಲಿಗೆ ಚೆಲ್ಲಲು ಹೊರಟರು. ನೆಲಕ್ಕೆ ಚೆಲ್ಲುವಂತಿಲ್ಲ, ಅದೂ ತೊಟ್ಟಿಗೇ ಹೋಗಬೇಕು ಎಂದೆ. ಪಾತ್ರೆ ಹಿಡಿದುಕೊಂಡು ಸುಮ್ಮನೆ ನಿಂತರು. ಆ ಮುಖ ಇನ್ನೂ ಕಣ್ಣ ಮುಂದಿದೆ. ಮರುದಿನದಿಂದ, ದುಡ್ಡು ಕೊಟ್ಟು ವ್ಯಾನ್ ನಿಲ್ಲಿಸಿ ತಂಗುವ ಹಾಲಿಡೇ ಪಾರ್ಕ್‌ಗಳಲ್ಲೇ ಉಳಿದೆವು. ಅಲ್ಲಿ ಅಡುಗೆಮನೆ, ಬಿಸಿನೀರು, ಶೌಚಾಲಯ ಎಲ್ಲವೂ ವ್ಯಾನಿನ ಹೊರಗಿರುತ್ತವೆ. ತಾಯಿಯವರೊಡನೆ ಹೋಗುವ ನೀವು ಮೊದಲ ರಾತ್ರಿಯಿಂದಲೇ ಹಾಗೆ ಮಾಡಿ, ದುಡ್ಡಿನ ಮುಖ ನೋಡಬೇಡಿ.

ಆಮೇಲೆ ಟೆಕಾಪೊ ಸರೋವರ. ಕ್ರೈಸ್ಟ್‌ಚರ್ಚ್‌ನಿಂದ ಮೂರು ಗಂಟೆಯ ದಾರಿ. ಆ ಸೀಮೆಯನ್ನು 2012ರಲ್ಲಿ ಅಂತರರಾಷ್ಟ್ರೀಯ ಕತ್ತಲ ಆಕಾಶ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಮಕ್ಕಳು ಕಾದು ಕಾದು ನಿದ್ದೆಹೋದರು. ಹನ್ನೊಂದರ ಹೊತ್ತಿಗೆ ಅಮ್ಮನಿಗೆ ಕಂಬಳಿ ಹೊದಿಸಿ ಹೊರಗೆ ಕೂರಿಸಿದೆ. ಅವರು ಅಂಗಳದಲ್ಲಿ ಮಲಗಿ ಅಜ್ಜನಿಂದ ನಕ್ಷತ್ರ ಕಲಿತವರು. ಬಹಳ ಹೊತ್ತು ಸಪ್ತರ್ಷಿ ಮಂಡಲವನ್ನು ಹುಡುಕಿದರು. ಆ ಅಕ್ಷಾಂಶದಲ್ಲಿ ಅದು ಕಾಣುವುದಿಲ್ಲ, ಧ್ರುವನೂ ಇಲ್ಲ. ಕೊನೆಗೆ ಮೃಗಶಿರದ ಬಳಿ ಸಾಲಾಗಿ ನಿಂತ ಮೂರು ನಕ್ಷತ್ರಗಳು ಸಿಕ್ಕವು. "ಇದು ನಮ್ಮದೇ. ತಲೆಕೆಳಗಾಗಿದೆಯಲ್ಲೋ!" ಎಂದು ನನ್ನ ತೋಳು ಹಿಡಿದುಕೊಂಡರು. ಆ ದೇಶಕ್ಕೆ ಬಂದ ಮೇಲೆ ಅವರು ಏನನ್ನೋ "ನಮ್ಮದು" ಎಂದದ್ದು ಅದೇ ಮೊದಲು. ನೀವು ಹೋಗಲೇಬೇಕು ಎಂದು ನಾನು ಹೇಳುವುದು ಆ ಒಂದು ರಾತ್ರಿಗಾಗಿ. ಟೆಕಾಪೊದಲ್ಲಿ ಮೂರು ದಿನ ಇರಿ.

ಈ ಪತ್ರ ಬರೆಯುತ್ತಿರುವುದು ತಿಳಿದು ಅಮ್ಮ ಒಳಗಿನಿಂದ ನಿಮ್ಮ ತಾಯಿಯವರಿಗೊಂದು ಮಾತು ಹೇಳಿಕಳಿಸಿದ್ದಾರೆ. ಬೇಸಿಗೆಯೆಂದು ಸ್ವೆಟರ್ ಬಿಟ್ಟು ಬರಬಾರದಂತೆ. ತೋಟದ ಜೇನುತುಪ್ಪವನ್ನು ಪ್ರೀತಿಯಿಂದ ಕಟ್ಟಿಕೊಟ್ಟಾರು, ತರಬೇಡಿ, ಒಳಗೆ ಬಿಡುವುದಿಲ್ಲ. ಉಪ್ಪಿನಕಾಯಿ, ಚಟ್ನಿಪುಡಿ ಏನಿದ್ದರೂ ವಿಮಾನ ನಿಲ್ದಾಣದಲ್ಲಿ ಮೊದಲೇ ಘೋಷಿಸಿ, ಇಲ್ಲವಾದರೆ 400 ನ್ಯೂಜಿಲೆಂಡ್ ಡಾಲರ್ ದಂಡ.