ವಾಹನ ವಿಚಾರ: ಅಮೆರಿಕದ ಸ್ಟೀರಿಯೋ, ಎಡಗಡೆ ಸ್ಟೀರಿಂಗ್

ಪ್ರಶ್ನೆ: ಅಮೆರಿಕದಿಂದ ಬಂದ ಅಣ್ಣ ಡಬಲ್ ಡಿನ್ (ಮಾಮೂಲಿಗಿಂತ ಎರಡು ಪಟ್ಟು ಎತ್ತರದ) ಸ್ಟೀರಿಯೋ ತಂದುಕೊಟ್ಟಿದ್ದಾನೆ. ನನ್ನ ಹಳೇ ವ್ಯಾಗನ್ ಆರ್‌ಗೆ ಹಾಕಬಹುದೇ? ಅಂಗಡಿಯವರು ‘ಅಲ್ಲಿಯದ್ದು ಇಲ್ಲಿ ರೇಡಿಯೊ ಹಿಡಿಯಲ್ಲ’ ಅನ್ನುತ್ತಾರೆ. (ಓದುಗರು, ಮೈಸೂರು)

ಉತ್ತರ: ಧಾರಾಳವಾಗಿ ಹಾಕಬಹುದು. ಆದರೆ ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಕಾರಿನ ಕರೆಂಟು ಅಲ್ಲೂ 12 ವೋಲ್ಟ್, ಇಲ್ಲೂ 12 ವೋಲ್ಟ್. ತಕರಾರಿರುವುದು ಟ್ಯೂನರ್‌ನಲ್ಲಿ, ಅಂದರೆ ಸ್ಟೇಷನ್ ಹಿಡಿಯುವ ಭಾಗದಲ್ಲಿ. ಅಮೆರಿಕದ ಎಫ್‌ಎಂ 0.2 ಮೆಗಾಹರ್ಟ್ಸ್ ಅಂತರದಲ್ಲಿ, ಬೆಸ ಅಂಕಿಗಳ ಮೇಲಷ್ಟೇ ಹಾರುತ್ತದೆ: 98.1, 98.3, 98.5. ಹೀಗಾಗಿ 98.3ರಂಥ ಬೆಸ ಅಂಕಿಯ ಸ್ಟೇಷನ್ ಚೆನ್ನಾಗಿ ಕೇಳಿಸುತ್ತದೆ, ನಿಮ್ಮೂರ ಆಕಾಶವಾಣಿಯ 100.6 ಮಾತ್ರ ಕೈಗೆ ಸಿಗುವುದಿಲ್ಲ. ಎಎಂನಲ್ಲಿ ಅಲ್ಲಿನ ಅಂತರ 10 ಕಿಲೋಹರ್ಟ್ಸ್, ನಮ್ಮದು 9. ಬೆಂಗಳೂರಿನ 612ಕ್ಕೆ 610ರಲ್ಲಿ ನಿಲ್ಲಿಸಿದರೆ ದನಿ ಒಡೆದು ಬರುತ್ತದೆ. ಧಾರವಾಡದ 765 ಎರಡು ಮೆಟ್ಟಿಲ ನಟ್ಟನಡುವೆ ಬೀಳುತ್ತದೆ.

ಹೆಚ್ಚಿನ ಒಳ್ಳೆಯ ಸೆಟ್‌ಗಳಲ್ಲಿ ಇದಕ್ಕೆ ‘ಟ್ಯೂನರ್ ಏರಿಯಾ’ ಅಥವಾ ‘ಟ್ಯೂನರ್ ಸ್ಟೆಪ್’ ಎಂಬ ಸೆಟ್ಟಿಂಗ್ ಇರುತ್ತದೆ. ಏಷ್ಯಾ ಅಥವಾ ಯುರೋಪ್ ಆರಿಸಿಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಸೆಟ್ ಆಫ್ ಇದ್ದಾಗ ಮಾತ್ರ ಈ ಮೆನು ತೆರೆಯುತ್ತದೆ, ಮ್ಯಾನ್ಯುಯಲ್ ನೋಡಿ. ಡ್ಯಾಶ್‌ಬೋರ್ಡ್ ಬಿಚ್ಚುವ ಮುಂಚೆಯೇ ಮೇಜಿನ ಮೇಲೆ ಬ್ಯಾಟರಿಗೆ ಹಚ್ಚಿ ಇದನ್ನು ಪರೀಕ್ಷಿಸುವುದು ಜಾಣತನ. ಪೆಟ್ಟಿಗೆ ಮೇಲೆ ಬರೆದಿರುವ ಸ್ಯಾಟಲೈಟ್ ರೇಡಿಯೊ ಸೇವೆ ಉತ್ತರ ಅಮೆರಿಕಕ್ಕೆ ಮೀಸಲು, ಅದನ್ನು ಮರೆತುಬಿಡಿ.

ಡಬಲ್ ಡಿನ್ ಸೆಟ್‌ನ ಮುಖದ ಅಳತೆ ಸುಮಾರು 180×100 ಮಿಲಿಮೀಟರ್. ನಿಮ್ಮ ಮಾಡೆಲ್‌ಗೆಂದೇ ಸಿಗುವ ಫ್ರೇಮ್ ಮತ್ತು ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕೊಳ್ಳಿ. ಕಂಪನಿ ವೈರಿಂಗ್ ಕತ್ತರಿಸಲು ಬಿಡಬೇಡಿ. ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೇ ಕೆಲಸ ಶುರುವಾಗಲಿ. ಸೆಟ್‌ನ ಕಡೆಯ ವೈರ್‌ಗಳಲ್ಲಿ ಹಳದಿ ಸದಾ ಕರೆಂಟು ಇರುವುದು, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ಬಿಳಿ ಮತ್ತು ಬೂದು ಮುಂದಿನ ಎಡ, ಬಲ ಸ್ಪೀಕರ್‌ಗೆ. ಹಸಿರು ಮತ್ತು ನೇರಳೆ ಹಿಂದಿನ ಎಡ, ಬಲಕ್ಕೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಆ ಸ್ಪೀಕರ್‌ನ ನೆಗೆಟಿವ್. ಈ ನೆಗೆಟಿವ್‌ಗಳನ್ನು ಕಾರಿನ ಲೋಹದ ಮೈಗೆ ಅರ್ಥ್ ಮಾಡಲೇಬಾರದು, ಸೆಟ್‌ನೊಳಗಿನ ಆಂಪ್ಲಿಫಯರ್ ಚಿಪ್ ಸುಟ್ಟುಹೋಗಬಹುದು.

ಇನ್ನೊಂದು ಸಣ್ಣ ಕಿರಿಕಿರಿ: ಅಮೆರಿಕದ ಸೆಟ್‌ಗಳಲ್ಲಿ ವಾಲ್ಯೂಮ್ ಗುಂಡಿ ಸಾಮಾನ್ಯವಾಗಿ ಎಡತುದಿಯಲ್ಲಿರುತ್ತದೆ. ಅಲ್ಲಿ ಅದು ಡ್ರೈವರ್ ಪಕ್ಕ, ಇಲ್ಲಿ ಪಕ್ಕದಲ್ಲಿ ಕೂತವರ ಪಾಲು! ಸ್ಟೀರಿಂಗ್ ಮೇಲೆ ಬಟನ್ ಇರುವ ಕಾರಾದರೆ ಚಿಂತೆಯಿಲ್ಲ.

ಪ್ರಶ್ನೆ: ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಕಾರು ಆಫ್ ಮಾಡಿದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತವೆ. ಆಕ್ಸಿಲರೇಟರ್ ಒತ್ತಿದಷ್ಟೂ ಕುಯ್ಯೆನ್ನುವ ಸದ್ದು ಬೇರೆ. (ಓದುಗರು, ದಾವಣಗೆರೆ)

ಉತ್ತರ: ಮೊದಲನೆಯದಕ್ಕೆ ಹಳದಿ, ಕೆಂಪು ಅದಲುಬದಲಾಗಿರಬೇಕು. ಮಲ್ಟಿಮೀಟರ್ ಹಿಡಿದು ನೋಡಿ, ಕೀ ತೆಗೆದ ಮೇಲೂ 12 ವೋಲ್ಟ್ ತೋರಿಸುವ ವೈರ್ ಹಳದಿಗೆ ಹೋಗಬೇಕು. ಎರಡನೆಯದು ಆಲ್ಟರ್ನೇಟರ್ ಸದ್ದು. ಬಹುಪಾಲು ಅರ್ಥ್ ಸಡಿಲವಾಗಿರುತ್ತದೆ. ಕಪ್ಪು ವೈರನ್ನು ಬಣ್ಣ ಕೆರೆದ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಬಾಸ್ ಕೂಡ ತೆಳುವಾಗಿದೆ ಅನ್ನಿಸಿದರೆ ಯಾವುದೋ ಒಂದು ಸ್ಪೀಕರ್‌ನ ಪ್ಲಸ್, ಮೈನಸ್ ತಿರುವುಮುರುವಾಗಿದೆ.

ಪ್ರಶ್ನೆ: ದುಬೈನಲ್ಲಿ ಕೆಲಸ. ಅಲ್ಲಿನ ಲೈಸೆನ್ಸ್ ಈಗಷ್ಟೇ ಸಿಕ್ಕಿದೆ. ಊರಲ್ಲಿ ಎಡಕ್ಕೆ ಓಡಿಸಿ ರೂಢಿ, ಬಲಕ್ಕೆ ಹೊಂದಿಕೊಳ್ಳುವುದು ಹೇಗೆ? (ಓದುಗರು, ಕುಂದಾಪುರ)

ಉತ್ತರ: ಪೆಡಲ್‌ಗಳ ಜಾಗ ಬದಲಾಗುವುದಿಲ್ಲ, ಆಕ್ಸಿಲರೇಟರ್ ಎಲ್ಲೇ ಹೋದರೂ ಬಲಗಾಲಿಗೇ. ಒಂದನ್ನು ಗಟ್ಟಿ ಹಿಡಿದುಕೊಳ್ಳಿ: ಊರಲ್ಲಾಗಲಿ ಅಲ್ಲಾಗಲಿ, ಡ್ರೈವರ್ ಕೂರುವುದು ರಸ್ತೆಯ ನಡುಗೆರೆಯ ಕಡೆಗೆ. ನೀವು ರಸ್ತೆಯ ಅಂಚಿನ ಬದಿಗೆ ಬಂದಿದ್ದೀರಿ ಎಂದರೆ ತಪ್ಪು ಕಡೆ ಇದ್ದೀರಿ.

ವಾಹನಗಳ ಸಾಲಿನಲ್ಲಿ ಯಾರೂ ತಪ್ಪುವುದಿಲ್ಲ, ಮುಂದಿನವನ ಹಿಂದೆ ಹೋಗುತ್ತೀರಿ. ಕೈಕೊಡುವುದು ಖಾಲಿ ರಸ್ತೆಯಲ್ಲಿ: ಬೆಳಗಿನ ಜಾವ, ಪೆಟ್ರೋಲ್ ಬಂಕ್‌ನಿಂದ ಹೊರಬಿದ್ದಾಗ, ಯು-ಟರ್ನ್ ಮುಗಿದೊಡನೆ. ಎಡಕ್ಕೆ ತಿರುಗುವುದು ಅಲ್ಲಿ ಎದುರು ವಾಹನಗಳನ್ನು ದಾಟುವ ದೊಡ್ಡ ತಿರುವು. ಬಲ ತಿರುವು ಚಿಕ್ಕದು. ನಮ್ಮ ಸರ್ಕಲ್‌ನಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತೇವೆ, ಅಲ್ಲಿ ಅದಕ್ಕೆ ತದ್ವಿರುದ್ಧ, ಎಡದಿಂದ ಬರುವವರಿಗೆ ದಾರಿ ಬಿಡಬೇಕು. ವೇಗದ ಲೇನ್ ಎಡತುದಿಯದು, ನಿಧಾನವಾಗಿ ಹೋಗುವಾಗ ಅದರಲ್ಲಿ ಕೂರಬೇಡಿ.

ಕಾರಿನ ಅಗಲ ಈಗ ನಿಮ್ಮ ಬಲಕ್ಕೆ ಚಾಚಿಕೊಂಡಿರುತ್ತದೆ. ಅಂದಾಜು ಸಿಗದೆ ಮೊದಮೊದಲು ಗಾಡಿ ಬಲಕ್ಕೆ ವಾಲುತ್ತದೆ, ಬಲಗಡೆ ಚಕ್ರ ಫುಟ್‌ಪಾತ್ ಅಂಚಿಗೆ ಉಜ್ಜುವುದು ಇದರಿಂದಲೇ. ಬಲಗನ್ನಡಿಯಲ್ಲಿ ಲೇನ್ ಗೆರೆ ಆಗಾಗ ನೋಡಿಕೊಳ್ಳಿ. ಇಂಡಿಕೇಟರ್ ಬದಲು ವೈಪರ್ ಓಡಿದರೆ ಗಾಬರಿ ಬೇಡ; ಮಾರುತಿ, ಹ್ಯುಂಡೈಯಲ್ಲಿ ಇಲ್ಲಿ ಬಲಗೈಗಿದ್ದ ಕಡ್ಡಿ ಅಲ್ಲಿ ಎಡಗೈಗೆ ಬಂದಿರುತ್ತದೆ. ನಡೆದು ರಸ್ತೆ ದಾಟುವಾಗಲೂ ಮೊದಲು ಎಡಕ್ಕೆ ನೋಡಿ. ರಜೆಗೆ ಊರಿಗೆ ಬಂದಾಗ ಇದೆಲ್ಲ ತಲೆಕೆಳಗು, ಬಂದ ದಿನವೇ ರಾತ್ರಿ ಘಾಟಿ ಇಳಿಸಲು ಹೋಗಬೇಡಿ.

ಪ್ರಶ್ನೆ: ಅದೇ ಮಾಡೆಲ್‌ನ ಹೆಡ್‌ಲ್ಯಾಂಪ್ ಗಲ್ಫ್‌ನಿಂದ ಅಗ್ಗಕ್ಕೆ ತರಿಸಬಹುದೇ? (ಓದುಗರು, ಭಟ್ಕಳ)

ಉತ್ತರ: ಬೇಡ. ಎದುರಿನವರ ಕಣ್ಣಿಗೆ ಹೊಡೆಯದಂತೆ, ರಸ್ತೆಯಂಚು ಕಾಣುವಂತೆ ಡಿಪ್ ಬೆಳಕು ಒಂದು ಬದಿಗೆ ಎತ್ತರವಾಗಿರುತ್ತದೆ. ನಮ್ಮಲ್ಲಿ ಅದು ಎಡಕ್ಕೆ, ಗಲ್ಫ್ ದೀಪಗಳಲ್ಲಿ ಬಲಕ್ಕೆ. ಇಲ್ಲಿ ಹಾಕಿದರೆ ನೇರ ಎದುರು ಬರುವವನ ಕಣ್ಣಿಗೆ. ಅಡ್ಜಸ್ಟ್‌ಮೆಂಟ್ ಸ್ಕ್ರೂ ದೀಪವನ್ನು ಮೇಲೆ ಕೆಳಗೆ, ಆಚೆ ಈಚೆ ಸರಿಸುತ್ತದೆಯೇ ಹೊರತು ಬೆಳಕಿನ ಆಕಾರ ಬದಲಿಸುವುದಿಲ್ಲ. ಕೆಲವು ಯುರೋಪಿಯನ್ ಪ್ರೊಜೆಕ್ಟರ್ ದೀಪಗಳ ಹಿಂದೆ ಎಡ–ಬಲ ಬದಲಿಸುವ ಪುಟ್ಟ ಲಿವರ್ ಇರುತ್ತದೆ. ಅಂಥದ್ದಿದ್ದರೆ ಮಾತ್ರ ಯೋಚಿಸಿ.