ದುಬೈನಲ್ಲಿ ಅಂಗಡಿ ಇಡಹೊರಟ ಕೋಲಾರದ ತಮ್ಮನಿಗೆ

ತಮ್ಮಾ, ಕರ್ತನ ನಾಮದಲ್ಲಿ ವಂದನೆ. ದುಬೈಗೆ ಬಂದು ಮೂರು ತಿಂಗಳಾಯ್ತು, ಕೋಲಾರದ ಟೊಮೇಟೊ, ಶ್ರೀನಿವಾಸಪುರದ ಮಾವು ತರಿಸಿ ಅಂಗಡಿ ಇಡ್ತೀನಿ, ಕೆಲಸಕ್ಕೆ ಊರಿಂದ ಇಬ್ಬರು ಹುಡುಗರನ್ನ ಕರೆಸ್ತೀನಿ, ಇಲ್ಲಿ ಕ್ರೈಸ್ತನಾಗಿ ವ್ಯಾಪಾರ ಮಾಡೋದು ಹೇಗೆ, ಅಂಗಡೀಲಿ ಸುವಾರ್ತೆ ಹೇಳಬಹುದಾ ಅಂತ ಕೇಳಿದ್ದೀಯ.

ಸುವಾರ್ತೆಯ ಮಾತು ಮೊದಲು. ಬೇರೆ ಧರ್ಮದವರಿಗೆ ಮತಪ್ರಚಾರ ಮಾಡಲು ಇಲ್ಲಿ ಕಾನೂನು ಬಿಡೋದಿಲ್ಲ. ಗಿರಾಕಿ ಕೈಗೆ ಕರಪತ್ರ ಕೊಡಬೇಡ, ಬಿಲ್ಲಿನ ಹಿಂದೆ ವಚನ ಅಚ್ಚು ಹಾಕಿಸಬೇಡ. ಸಭೆ ಸೇರೋದೂ ಪರವಾನಗಿ ಇರುವ ಜಾಗದಲ್ಲೇ; ದುಬೈನ ಔದ್ ಮೇಥಾದಲ್ಲಿ ಸೇಂಟ್ ಮೇರೀಸ್, ಹೋಲಿ ಟ್ರಿನಿಟಿ ಎರಡೂ ಚರ್ಚ್ ಇವೆ. ಆದರೆ ನಿನ್ನ ತಕ್ಕಡಿ, ನಿನ್ನ ಸಂಬಳದ ಪುಸ್ತಕ ದಿನಾ ಜನರ ಕಣ್ಣಿಗೆ ಬೀಳುತ್ತವೆ. ಅಲ್ಲಿ ಸಾಕ್ಷಿಯಾಗಿರಲು ಯಾವ ಅಡ್ಡಿಯೂ ಇಲ್ಲ.

ತಕ್ಕಡಿ ಇಡುವ ಮೇಜು ಸಮವಾಗಿರಲಿ. ತಕ್ಕಡಿಯಲ್ಲಿರುವ, ಮಟ್ಟ ತೋರಿಸುವ ಗುಳ್ಳೆ ವೃತ್ತದ ನಡುವೆ ನಿಲ್ಲಬೇಕು. ಏಸಿ ಗಾಳಿ ನೇರವಾಗಿ ತಟ್ಟೆಗೆ ಬಡಿದರೆ ಅಂಕಿ ಕುಣಿಯುತ್ತೆ. ಪ್ರಮಾಣಿತ 1 ಕೆಜಿ ಬಟ್ಟು ಒಂದನ್ನು ಇಟ್ಟುಕೊಂಡು ದಿನಾ ಬೆಳಗ್ಗೆ ತೂಗಿ ನೋಡು. ಟ್ರೇ, ಕವರಿನ ತೂಕವನ್ನು ಪ್ರತಿ ಸಲವೂ ಕಳೆ. 20 ಗ್ರಾಂ ಟ್ರೇ ಏನು ಮಹಾ ಅನ್ನಬೇಡ, ದಿನಕ್ಕೆ 100 ಗಿರಾಕಿ ಅಂದ್ರೆ 2 ಕೆಜಿ ಹಣ್ಣಿನ ದುಡ್ಡು ಅದು. ಮೋಸದ ತ್ರಾಸು ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1 ಹೇಳೋದು ಇಂಥ ತಟ್ಟೆಯ ವಿಷಯವನ್ನೇ.

ಮೋಸ ಮಾಡದೆಯೂ ತೂಕ ಕಡಿಮೆ ಬೀಳುತ್ತೆ. ಊರಲ್ಲಿ 3 ಕೆಜಿ ತುಂಬಿದ ಮಾವಿನ ಬಾಕ್ಸು ಇಲ್ಲಿಗೆ ಬರುವಷ್ಟರಲ್ಲಿ ನೀರಾರಿ ಹಗುರಾಗಿರುತ್ತೆ. ಬಾಕ್ಸಿನ ಮೇಲಿನ ಅಂಕಿ ನಂಬದೆ ಅಂಗಡಿಯಲ್ಲಿ ಮತ್ತೆ ತೂಗಿ, ಬಂದಷ್ಟಕ್ಕೇ ಬಿಲ್ ಹಾಕು. ನಮ್ಮ ಬಾದಾಮಿಯೂ ಅಲ್ಫಾನ್ಸೋ ಜಾತಿಯೇ ತಾನೇ, 'ರತ್ನಾಗಿರಿ' ಅಂತ ಚೀಟಿ ಅಂಟಿಸಿದರೆ ಒಳ್ಳೆ ರೇಟು ಬರುತ್ತೆ ಅಂತ ಕಿವಿಯಲ್ಲಿ ಹೇಳೋರು ಸಿಗ್ತಾರೆ. ಶ್ರೀನಿವಾಸಪುರ ಅಂತಲೇ ಹಾಕು. ಆ ಹೆಸರಿಗೆ ಏನು ಕಡಿಮೆಯಾಗಿದೆ? ಕಾರ್ಬೈಡ್ ಹಾಕಿ ಮಾಗಿಸಿದ ಮಾಲು ಬೇಡವೇ ಬೇಡ, ಭಾರತದಲ್ಲೇ ಅದಕ್ಕೆ ನಿಷೇಧವಿದೆ. 100 ಪಿಪಿಎಂವರೆಗೆ, ಅಂದ್ರೆ ಹತ್ತು ಲಕ್ಷ ಪಾಲಿಗೆ 100 ಪಾಲಿನವರೆಗೆ, ಎಥಿಲೀನ್ ಅನಿಲ ಬಳಸಿ ಹಣ್ಣು ಮಾಡಲು ಅನುಮತಿಯಿದೆ. ಲಾಟಿನಿಂದ ಒಂದು ಹಣ್ಣು ಕೊಯ್ದು ನೋಡು. ಸಿಪ್ಪೆಯೆಲ್ಲ ಒಂದೇ ಸಮ ಹಳದಿ, ಓಟೆಯ ಹತ್ತಿರ ಬಿಳಿ, ಹುಳಿ ಅಂದ್ರೆ ಅನುಮಾನ ಪಡು. ಟೊಮೇಟೊ ಬಾಕ್ಸಿನ ಮೇಲ್ಸಾಲಿಗೆ ದಪ್ಪ ಹಣ್ಣು, ಅಡಿಗೆ ಗೋಲಿಯಂಥ ಕಾಯಿ ಬರದ ಹಾಗೆ ಊರಿನ ಮಂಡಿಯವರಿಗೆ ಮೊದಲೇ ಹೇಳಿಡು.

ಹುಡುಗರ ವಿಷಯದಲ್ಲೇ ನನಗೆ ಹೆಚ್ಚು ಚಿಂತೆ. ಹತ್ತನೇ ಕ್ಲಾಸು ಪಾಸಾಗದವರದು ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್, ಅಂದ್ರೆ ಇಲ್ಲಿಗೆ ಕೆಲಸಕ್ಕೆ ಬರಲು ಸರ್ಕಾರದ ಅನುಮತಿ ಬೇಕಾದದ್ದು. ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಆ ಅನುಮತಿ ಆಗಲೇಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ನೇಮಕದ ಖರ್ಚು, ವೀಸಾ ಖರ್ಚು ಮಾಲೀಕನದು. ಅದನ್ನ ಸಂಬಳದಲ್ಲಿ ಮುರಿದುಕೊಳ್ಳೋದು ಇಲ್ಲಿ ಅಪರಾಧ. ವಿಸಿಟ್ ವೀಸಾದಲ್ಲಿ ಕರೆಸಿ ಕೆಲಸಕ್ಕೆ ಹಚ್ಚಿದರೆ ದಂಡ 1 ಲಕ್ಷ ದಿರ್ಹಮ್‌ನಿಂದಲೇ ಶುರು. ಅವರ ಪಾಸ್‌ಪೋರ್ಟ್ ನಿನ್ನ ಬೀರುವಿನಲ್ಲಿ ಇಡಬೇಡ, 'ಭದ್ರವಾಗಿರಲಿ ಅಂತ' ಅನ್ನೋ ನೆಪವೂ ಬೇಡ.

ಕೆಲಸ ಬಿಟ್ಟಾಗ ಕೊಡುವ ಗ್ರಾಚ್ಯುಟಿ ಲೆಕ್ಕ ಮೂಲ ವೇತನದ ಮೇಲೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. ಅದಕ್ಕೇ ಕೆಲವರು ತಿಂಗಳಿಗೆ ಒಟ್ಟು 3,000 ದಿರ್ಹಮ್ ಕೊಟ್ಟು ಮೂಲ ವೇತನ 1,000 ಅಂತ ಬರೆಸ್ತಾರೆ. ಆಗ ವರ್ಷಕ್ಕೆ 700 ದಿರ್ಹಮ್. 2,000 ಬರೆದರೆ 1,400. ಕರಾರು ಅರ್ಥವಾಗದ ಹುಡುಗನ ಕೂಲಿ ಹಿಡಿದ ಹಾಗೇ ಇದು. ಯಾಕೋಬ 5:4 ಓದು, ಹಿಡಿದ ಕೂಲಿ ಕೂಗುತ್ತೆ ಅಂತಿದೆ. 2,000ವೇ ಬರೆಸು, ತಿಂಗಳಿಗೆ ತಲೆಗೆ 117 ದಿರ್ಹಮ್ ಬೇರೆ ಖಾತೆಗೆ ಹಾಕುತ್ತಾ ಹೋಗು. ಹಾಗೆ ಮಾಡದಿದ್ದರೆ ಅವರು ಹೊರಡುವ ದಿನ ಅಂಗಡಿಯಲ್ಲಿ ದುಡ್ಡಿರೋಲ್ಲ, ಬಾಕಿ ತೀರಿಸಲು ಕಾನೂನು ಕೊಡೋದು 14 ದಿನ. ಸಂಬಳ ಇಲ್ಲಿನ ಸರ್ಕಾರದ ಸಂಬಳ ಪಾವತಿ ವ್ಯವಸ್ಥೆ ಡಬ್ಲ್ಯುಪಿಎಸ್ ಮೂಲಕ ಬ್ಯಾಂಕಿನಿಂದಲೇ ಹೋಗಲಿ.

ವ್ಯಾಟ್ 5%. ವರ್ಷದ ವಹಿವಾಟು 3,75,000 ದಿರ್ಹಮ್ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದೆ ಗಿರಾಕಿಯಿಂದ ವ್ಯಾಟ್ ವಸೂಲಿ ಮಾಡಬೇಡ.

ದಶಮಾಂಶ ಕೇಳಿದ್ದೀಯ. ವಹಿವಾಟಿನ ಮೇಲೆ ಲೆಕ್ಕ ಹಾಕಿದರೆ ಅಂಗಡಿ ಉಳಿಯೋಲ್ಲ. ಬಾಡಿಗೆ, ಸಂಬಳ, ಮಂಡಿ ಬಾಕಿ ಕಳೆದು ನಿನ್ನ ಕೈಗೆ ಬಂದದ್ದರಲ್ಲಿ ಹತ್ತನೇ ಒಂದು ಪಾಲು ತೆಗೆ. ರೈತನ ದುಡ್ಡು ಬಾಕಿ ಇಟ್ಟುಕೊಂಡು ಕಾಣಿಕೆ ಹಾಕೋದು ನನಗೆ ಸರಿಕಾಣೋಲ್ಲ. ಊರಿನ ಚರ್ಚ್ ರಿಪೇರಿಗೆ ಅಂತ ಅಂಗಡೀಲಿ ಡಬ್ಬಿ ಇಡಬೇಡ, ವಾಟ್ಸಾಪಿನಲ್ಲೂ ಚಂದಾ ಎತ್ತಬೇಡ. ಪರವಾನಗಿ ಇಲ್ಲದೆ ಹಣ ಸಂಗ್ರಹಿಸಿದರೆ ಭಾರೀ ದಂಡ.

ಶನಿವಾರ, ಭಾನುವಾರ ವ್ಯಾಪಾರ ಜೋರು, ಬಾಗಿಲು ಹಾಕೋದು ಕಷ್ಟ. ಇಲ್ಲಿನ ಎಷ್ಟೋ ಸಭೆಗಳಲ್ಲಿ ಶುಕ್ರವಾರವೂ ಆರಾಧನೆ ಇರುತ್ತೆ. ಡ್ಯೂಟಿ ಪಟ್ಟಿ ಬರೆಯುವಾಗಲೇ ಒಬ್ಬನಿಗೆ ಶುಕ್ರವಾರ, ಇನ್ನೊಬ್ಬನಿಗೆ ಭಾನುವಾರ ಬಿಡುವು ಬರೆ, ವಾರವಾರ ಅದಲು ಬದಲು ಮಾಡು. ಮುಂದೆ ಮುಸ್ಲಿಂ ಹುಡುಗ ಕೆಲಸಕ್ಕೆ ಬಂದರೆ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅವನನ್ನ ಗಲ್ಲಾದ ಮೇಲೆ ಕೂರಿಸಬೇಡ.